ವಿಡಿಯೋ ಗೇಮ್ ಅಂಗಡಿಯ ಮುದ್ದಕ್ಕ

ಮಧುಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ಹೂ ಮಾರುವ ಮುದ್ದಕ್ಕ ಕನಕಾಂಬರ ಕಟ್ಟುತ್ತಾ ಏನೋ ಗುನುಗುತ್ತಿದ್ದಳು. ಕಚೇರಿ ಮುಗಿಸಿ ಎರಡು ಮೊಳ ಹೂವಿಗೆಂದು ನಿಂತಿದ್ದ ಸುನಿತಾ ಮೊದಲು ಅದನ್ನು ಗಮನಿಸಲಿಲ್ಲ. ಗಮನಿಸಿದ ಮೇಲೆ ತೆಗೆದ ಪರ್ಸು ಕೈಯಲ್ಲೇ ಉಳಿಯಿತು. ಅದು ದೇವರನಾಮವಲ್ಲ, ಸಿನಿಮಾ ಹಾಡೂ ಅಲ್ಲ. ಇಪ್ಪತ್ತೇಳು ವರ್ಷದ ಹಿಂದೆ, ಟೀವಿಯೊಳಗಿನ ಪುಟ್ಟ ಸಿಪಾಯಿಯೊಬ್ಬ ಕೋಟೆಯ ಗೋಡೆ ಹತ್ತುವಾಗ ಕೇಳಿಬರುತ್ತಿದ್ದ ರಾಗ.

ಆಗ ಮುದ್ದಕ್ಕನದು ವಿಡಿಯೋ ಗೇಮ್ ಅಂಗಡಿ. ಅವಳ ಗಂಡ ಪಾಲಾಕ್ಷ ರೇಡಿಯೋ ಟೀವಿ ರಿಪೇರಿ ಮಾಡುತ್ತಿದ್ದವನು. ಯಾರೋ ಬಿಟ್ಟುಹೋದ ಎರಡು ಟೀವಿಗಳನ್ನು ಸರಿಮಾಡಿ, ಬೆಂಗಳೂರಿನಿಂದ ಎರಡು ಗೇಮ್ ಮಿಷನ್ ತಂದು ಜೋಡಿಸಿ, ಅರ್ಧ ಗಂಟೆಗೆ ಇಷ್ಟು ಎಂದು ಆಡಲು ಬಿಡುತ್ತಿದ್ದ. ಅವನು ರಿಪೇರಿಗೆ ಹೋದಾಗಲೆಲ್ಲ ಅಂಗಡಿ ಮುದ್ದಕ್ಕನ ಮೇಲೆ. ಅವಳು ಹೊಸಿಲ ಮೇಲೆ ಹೂವಿನ ಬುಟ್ಟಿ ಇಟ್ಟುಕೊಂಡು ರಸ್ತೆಗೆ ಮುಖ, ಟೀವಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಒಂದು ದಿನವೂ ಆಡಿದವಳಲ್ಲ, ತಿರುಗಿ ನೋಡಿದವಳೂ ಅಲ್ಲ. ಆದರೆ ಯಾರು ಎಲ್ಲಿದ್ದಾರೆ ಎಂಬುದೆಲ್ಲ ಅವಳಿಗೆ ಕಿವಿಯಲ್ಲೇ ಗೊತ್ತಾಗುತ್ತಿತ್ತು. ಸತ್ತಾಗ ಬರುವ ರಾಗ ಬೇರೆ, ಆಟದಲ್ಲಿ ಮುಂದಿನ ಮನೆಗೆ ಹೋದಾಗ ಬರುವ ರಾಗ ಬೇರೆ. ಈಗಷ್ಟೇ ಶುರುಮಾಡಿದೆ ಅಂತ ಹುಡುಗರು ಸುಳ್ಳು ಹೇಳಿದರೆ, ಮೂರು ಸಲ ಸತ್ತಿದ್ದೀಯ ಎದ್ದೇಳು ಅನ್ನುತ್ತಿದ್ದಳು.

ಆ ಅಂಗಡಿಗೆ ಬರುತ್ತಿದ್ದ ಒಬ್ಬಳೇ ಹುಡುಗಿ ಸುನಿತಾ. ಈಗ ಅವಳು ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಎಫ್‌ಡಿಎ. ಬೆಂಗಳೂರಿನಲ್ಲಿ ಹಳೇ ವಿಡಿಯೋ ಗೇಮ್‌ಗಳ ಸಂಗೀತವನ್ನು ಅರವತ್ತು ಜನ ಕೂತು ನುಡಿಸುತ್ತಾರೆ ಎಂದು ಫೋನಿನಲ್ಲಿ ನೋಡಿ, ತನಗೂ ಗಂಡ ಲಕ್ಷ್ಮೀಪತಿಗೂ ಎರಡು ಟಿಕೆಟ್ ತೆಗೆದುಕೊಂಡಿದ್ದಳು. ಮೇಷ್ಟ್ರಾದ ಲಕ್ಷ್ಮೀಪತಿಗೆ ಅದೇ ಭಾನುವಾರ ಸಮೀಕ್ಷೆಯ ಡ್ಯೂಟಿ ಬಿತ್ತು. ಆ ಒಂದು ಟಿಕೆಟ್ಟನ್ನು ಏನು ಮಾಡುವುದೆಂದು ವಾರದಿಂದ ಯೋಚಿಸುತ್ತಿದ್ದವಳು ಅಲ್ಲೇ, ಹೂವಿನ ಬುಟ್ಟಿಯ ಮುಂದೆ ನಿಂತೇ ತೀರ್ಮಾನ ಮಾಡಿದಳು.

"ಆಟದ ಸದ್ದಿಗೆಲ್ಲ ಕಚೇರಿ ಮಾಡ್ತಾರಾ?" ಎಂದಳು ಮುದ್ದಕ್ಕ. "ಅದ್ನ ಯಾರು ಕೇಳ್ತಾರಮ್ಮ?"

"ನೀನು ಈಗ ಗುನುಗ್ತಿದ್ದೆಯಲ್ಲ, ಅದೇನು ಮತ್ತೆ?"

"ನಾನೆಲ್ಲಿ ಗುನುಗ್ದೆ?"

ತಾನು ಗುನುಗುತ್ತಿದ್ದದ್ದು ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಸುನಿತಾ ನಾಲ್ಕು ಸಾಲು ಗುನುಗಿ ತೋರಿಸಿದಾಗ, ಐದನೆಯದನ್ನು ಅವಳೇ ಸೇರಿಸಿ, ಕೈಯಲ್ಲಿದ್ದ ದಾರ ಬಿಟ್ಟು ನಗಲು ಶುರುಮಾಡಿದಳು.

ಭಾನುವಾರ ಬೆಳಿಗ್ಗೆ ಆರರ ಬಸ್ಸಿಗೆ ಹೊರಟರು. ಬುಟ್ಟಿಯನ್ನು ಪಾಲಾಕ್ಷನಿಗೆ ಒಪ್ಪಿಸಿ ಬಂದಿದ್ದ ಮುದ್ದಕ್ಕನಿಗೆ ಅವನ ಕೈ ತನ್ನದಕ್ಕಿಂತ ಉದ್ದ, ಮೊಳ ಹಾಕಿ ಹಾಕಿ ಹೂವೆಲ್ಲ ಪುಕ್ಕಟೆ ಹಂಚುತ್ತಾನೆ ಎಂಬುದೇ ಯೋಚನೆ. ಹೊಸ ಸೀರೆ ಉಟ್ಟಿದ್ದಳು. ಗಣಪತಿ ಹಬ್ಬದ ಆರ್ಕೆಸ್ಟ್ರಾದಂತೆ ಮಿಣಮಿಣ ಅಂಗಿಯ ಗಾಯಕ, ಒಬ್ಬ ಮಿಮಿಕ್ರಿಯವನು ಇರುತ್ತಾರೆಂದು ಅವಳ ಲೆಕ್ಕ. ಹಾಗಲ್ಲ ಎಂದು ಸುನಿತಾ ಹೇಳುವಷ್ಟರಲ್ಲಿ ಕೊರಟಗೆರೆ ದಾಟಿ ಮೂರು ಕಿಲೋಮೀಟರಿಗೆ ಬಸ್ಸಿನ ಟೈರು ಪಂಕ್ಚರ್ ಆಯಿತು. ಡ್ರೈವರು ಬೇರೆ ಬಸ್ಸು ಬರುತ್ತದೆ ಅಂದ. ಬಂದ ಬಸ್ಸಿನಲ್ಲಿ ದಾಬಸ್‌ಪೇಟೆಯವರೆಗೂ ನಿಂತೇ ಹೋಗಬೇಕಾಯಿತು. ಮಾದಾವರದಲ್ಲಿ ಇಳಿದು ಮೆಟ್ರೋ ಹತ್ತಿದಾಗ, ಕಾರ್ಯಕ್ರಮ ಶುರುವಾಗಲು ಅರ್ಧ ಗಂಟೆ ಇತ್ತು. ಸಭಾಂಗಣದ ಮೆಟ್ಟಿಲು ಹತ್ತುವಾಗ ಶುರುವಾಗಿ ಇಪ್ಪತ್ತು ನಿಮಿಷ ಕಳೆದಿತ್ತು.

ಬಾಗಿಲು ಮುಚ್ಚಿತ್ತು. ಕಪ್ಪು ಸೀರೆಯುಟ್ಟು ಬಾಗಿಲು ಕಾಯುತ್ತಿದ್ದ ಹೆಂಗಸು ಟಿಕೆಟ್ ನೋಡಿ, ನುಡಿಸುತ್ತಿರುವುದು ಮುಗಿಯುವವರೆಗೂ ಯಾರನ್ನೂ ಬಿಡುವಂತಿಲ್ಲ ಎಂದು ಮೆಲ್ಲಗೆ ಹೇಳಿದಳು. ಎಷ್ಟು ಹೊತ್ತಾಗುತ್ತದೆ ಎಂದು ಸುನಿತಾ ಕೇಳಿದಳು. ಅದು ತನಗೆ ತಿಳಿಯದು, ಚಪ್ಪಾಳೆ ಕೇಳಿಸಿದಾಗ ಬಾಗಿಲು ತೆಗೆಯುತ್ತೇನೆ ಎಂದಳು ಆಕೆ. ಸುನಿತಾಗೆ ಅಳು ಬರುವಂತಾಗಿತ್ತು. ಮುದ್ದಕ್ಕ ಮಾತ್ರ ಬಾಗಿಲ ಸಂದಿಗೆ ಕಿವಿ ಕೊಟ್ಟು ನಿಂತಿದ್ದಳು.

"ಇದು ಹಡಗಿನ ಆಟ ಕಣಮ್ಮ," ಎಂದಳು. "ಈಗ ಸಮುದ್ರದ ನಡೂಕ್ ಬಂದವ್ನೆ. ಇನ್ನೊಂದ್ ಸುತ್ತು ಐತೆ."

ಕಪ್ಪು ಸೀರೆಯವಳು ಹತ್ತಿರ ಬಂದಳು. ಒಳಗಿನ ಸದ್ದು ಏರಿತು, ಇಳಿಯಿತು. ಮುಗಿಯಿತೇನೋ ಎಂದು ಆಕೆ ಹಿಡಿಕೆಗೆ ಕೈಹಾಕಿದಾಗ ಮುದ್ದಕ್ಕ ತಲೆಯಾಡಿಸಿ ತಡೆದಳು. ಒಳಗೆ ಕೊಳಲಿನಂಥದ್ದು ಒಂದೇ ಮತ್ತೆ ಎದ್ದಿತು. ಅದರ ಹಿಂದೆ ಮಿಕ್ಕವೆಲ್ಲ ಬಂದು ಕೂಡಿಕೊಂಡವು.

"ಈಗ ದಡ ಮುಟ್ತಾನೆ. ಮುಟ್ಟ್‌ದ. ತಗಿ."

ಆಕೆ ಬಾಗಿಲು ತೆಗೆಯುವುದಕ್ಕೂ ಒಳಗೆ ಚಪ್ಪಾಳೆ ಬೀಳುವುದಕ್ಕೂ ಸರಿಹೋಯಿತು. ಕೈದೀಪ ಹಿಡಿದು ಸೀಟಿನವರೆಗೂ ಬಂದ ಆಕೆ, ಅಜ್ಜಿ ಸಂಗೀತದ ಮೇಡಮ್ಮಾ ಎಂದು ಸುನಿತಾಳ ಕಿವಿಯಲ್ಲಿ ಕೇಳಿ ಹೋದಳು.

ವೇದಿಕೆಯ ಮೇಲೆ ಗಾಯಕನೂ ಇರಲಿಲ್ಲ, ಮಿಮಿಕ್ರಿಯವನೂ ಇರಲಿಲ್ಲ. ಕಪ್ಪು ಬಟ್ಟೆ ತೊಟ್ಟ ಅರವತ್ತು ಜನ ಸಾಲುಸಾಲಾಗಿ ಕೂತಿದ್ದರು. ಮುಂದೆ ಪಿಟೀಲಿನವರು, ಅವರ ಹಿಂದೆ ಆಳೆತ್ತರದ ಪಿಟೀಲುಗಳನ್ನು ಅಪ್ಪಿಕೊಂಡವರು, ಹಿತ್ತಾಳೆಯ ಕಹಳೆಯವರು, ತುದಿಯಲ್ಲಿ ಕಡಾಯಿಯಂಥ ನಗಾರಿಗಳ ನಡುವೆ ಒಬ್ಬ. ಎದುರಿಗೆ ನಿಂತವನು ಸಣ್ಣ ಕಡ್ಡಿ ಎತ್ತಿದರೆ ಅಷ್ಟೂ ಜನ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಿದ್ದರು. ಮೊದಲ ರಾಗ ಮುಗಿದ ಮೇಲೆ ಮುದ್ದಕ್ಕ ಸುನಿತಾಳ ಕಡೆ ಬಾಗಿ, ನಮ್ಮ ಮಿಷನ್ನಿನೊಳಗೆ ಇಷ್ಟು ಜನ ಇದ್ದರೇನಮ್ಮ ಎಂದಳು.

ನುಡಿಸುವವರ ಹಿಂದಿನ ದೊಡ್ಡ ಪರದೆಯ ಮೇಲೆ ಆಯಾ ಆಟದ ಚಿತ್ರಗಳು ಓಡುತ್ತಿದ್ದವು. ಮುದ್ದಕ್ಕನಿಗೆ ಕಷ್ಟ ಬಂದದ್ದು ಅಲ್ಲೇ. ಬೆನ್ನು ಮಾಡಿ ಕೂತ ಅಷ್ಟು ವರ್ಷದಲ್ಲಿ ಅವಳು ಪ್ರತಿ ರಾಗಕ್ಕೂ ತನ್ನದೇ ಒಂದು ಚಿತ್ರ ಕಟ್ಟಿಕೊಂಡಿದ್ದಳು. ಗಂಟೆ ಗೆಜ್ಜೆಗಳ ಸದ್ದಿನ ಒಂದು ರಾಗವಿತ್ತು. ಅದು ಮದುವೆಯ ಆಟ, ಹೆಣ್ಣು ದಿಬ್ಬಣ ಬರುತ್ತಿದೆ ಎಂದೇ ಅವಳು ತಿಳಿದಿದ್ದಳು. ತನ್ನ ತಂಗಿಯ ಮದುವೆಯ ಹಿಂದಿನ ದಿನ ಹೂ ಕಟ್ಟುವಾಗ ಆ ರಾಗ ಕೇಳಿ ಕಣ್ಣಲ್ಲಿ ನೀರು ತಂದುಕೊಂಡಿದ್ದಳಂತೆ. ಈಗ ಆ ರಾಗ ಶುರುವಾಯಿತು. ಪರದೆಯ ಮೇಲೆ ಕತ್ತಲ ಗುಹೆಯೊಂದರಲ್ಲಿ ಹತ್ತಾರು ಅಸ್ಥಿಪಂಜರಗಳು ಕೈಕೈ ಹಿಡಿದು ಕುಣಿಯುತ್ತಾ ಬಂದವು.

"ದೆವ್ವಗಳಾ?" ಎಂದಳು ಮುದ್ದಕ್ಕ.

ಸುನಿತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮುಂದಿನ ಸಾಲಿನವರೂ ನಕ್ಕರು. ಮುದ್ದಕ್ಕ ಬಿಗುಮಾನದಿಂದ ಕಣ್ಣು ಮುಚ್ಚಿಕೊಂಡು, ತನ್ನ ದಿಬ್ಬಣ ಪೂರ್ತಿ ದಾಟಿಹೋಗುವವರೆಗೂ ತೆರೆಯಲಿಲ್ಲ.

ಅರ್ಧಕ್ಕೆ ಬಿಡುವು ಕೊಟ್ಟರು. ಹೊರಗೆ ಕಾಫಿಯ ಸಾಲಿನಲ್ಲಿ ನಿಂತಾಗ, ನುಡಿಸುವವರಲ್ಲಿ ಒಬ್ಬಳು ಪಿಟೀಲು ಕಂಕುಳಲ್ಲಿಟ್ಟುಕೊಂಡೇ ನೀರಿನ ಬಾಟಲಿಗೆ ಬಂದಿದ್ದಳು. ನಲವತ್ತರ ಆಸುಪಾಸಿನ ಹೆಂಗಸು. ಮುದ್ದಕ್ಕ ನೇರ ಹೋಗಿ, ನೀವೆಲ್ಲ ಚೆನ್ನಾಗೇ ಬಾರಿಸುತ್ತೀರಿ, ಆದರೆ ಹಡಗಿನ ಆಟವನ್ನು ಮಾತ್ರ ತುಂಬ ನಿಧಾನ ಮಾಡಿದಿರಿ ಎಂದು ಹೇಳಿಬಿಟ್ಟಳು. ಸುನಿತಾ ಅವಳ ಸೆರಗು ಎಳೆದಳು. ಆದರೆ ಆ ಹೆಂಗಸಿಗೆ ಸಿಟ್ಟು ಬರಲಿಲ್ಲ. ಎಲ್ಲಿ ಕೇಳಿದ್ದಿರಿ ಎಂದು ವಿಚಾರಿಸಿದಳು. ಅಂಗಡಿಯ ಕತೆ ಕೇಳಿ ಅವಳ ಮುಖವೇ ಬೇರೆಯಾಯಿತು. ಅವಳ ಹೆಸರು ಯಶಸ್ವಿನಿ, ಚಳ್ಳಕೆರೆಯವಳು. ಅವಳ ಸೋದರಮಾವನ ಮನೆಯಲ್ಲೂ ಅಂಥದೇ ಅಗ್ಗದ ಮಿಷನ್ ಇತ್ತಂತೆ. ಅದರಲ್ಲಿ ಎಲ್ಲ ರಾಗವೂ ಅಸಲಿಗಿಂತ ಜೋರಾಗಿ ಓಡುತ್ತಿತ್ತು, ಈ ಗುಂಪಿಗೆ ಸೇರಿದ ಮೇಲೆ ಎಲ್ಲವನ್ನೂ ನಿಧಾನವಾಗಿ ಕಲಿಯುವುದೇ ತನಗೆ ಕಷ್ಟವಾಯಿತು ಎಂದಳು.

"ಎಷ್ಟು ಜೋರು, ತೋರ್ಸಿ ಅಮ್ಮ," ಎಂದಳು ಯಶಸ್ವಿನಿ.

ಮುದ್ದಕ್ಕ ಕಾಫಿ ಲೋಟವನ್ನು ಸುನಿತಾಳ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ತಾಳ ಹಾಕಿದಳು. ಯಶಸ್ವಿನಿ ಅಲ್ಲೇ ಗೋಡೆಗೆ ಒರಗಿ ಪಿಟೀಲು ಗದ್ದಕ್ಕಿಟ್ಟು ಶುರುಮಾಡಿದಳು. ಇನ್ನೂ ಬಿರ್ರನೆ ಅಂದಳು ಮುದ್ದಕ್ಕ. ಅವಳು ಇನ್ನೂ ಬಿರ್ರನೆ ನುಡಿಸಿದಳು. ಕಾಫಿಯ ಸಾಲು ಒಡೆದು ಜನ ಸುತ್ತ ನೆರೆದರು. ಅರವತ್ತು ಜನ ಗಂಭೀರವಾಗಿ ದಾಟಿಸಿದ್ದ ಹಡಗು, ಆ ಮೂಲೆಯಲ್ಲಿ ಒಂದೇ ಪಿಟೀಲಿನ ಮೇಲೆ ಎರಡೇ ನಿಮಿಷದಲ್ಲಿ ಎಗರೆಗರಿ ದಡ ಸೇರಿತು. ಗಂಟೆ ಹೊಡೆದು ಎಲ್ಲರೂ ಒಳಗೆ ಹೋಗುವಾಗ ಯಶಸ್ವಿನಿ ಮುದ್ದಕ್ಕನ ಕೈ ಹಿಡಿದು ಅಲುಗಿಸಿ ಓಡಿಹೋದಳು.

ಕೊನೆಯದಾಗಿ ಬಂದ ರಾಗ ಮಾತ್ರ ಬೇರೆ ಥರ ಇತ್ತು. ಅದರಲ್ಲಿ ಅವಸರವೇ ಇರಲಿಲ್ಲ. ಪಿಟೀಲುಗಳು ಮೆಲ್ಲಗೆ ಎದ್ದು, ಬಯಲಿಗೆ ಬಂದು ಗಾಳಿಗೆ ನಿಂತಂತೆ ನಿಂತವು. ಮುದ್ದಕ್ಕ ಹುಬ್ಬು ಗಂಟಿಕ್ಕಿ ಕೇಳಿದಳು. ಇದು ನನಗೆ ಗೊತ್ತಿಲ್ಲ, ನಮ್ಮ ಅಂಗಡಿಯಲ್ಲಿ ಇರಲಿಲ್ಲ ಎಂದಳು. ಸುನಿತಾ ಕೈಯಲ್ಲಿದ್ದ ಹಾಳೆಯನ್ನು ಪರದೆಯ ಬೆಳಕಿಗೆ ಹಿಡಿದು ಓದಿದಳು. ಅದು ಕೋಟೆ ಆಟವೇ. ಸಿಪಾಯಿ ಕೊನೆಯ ಬಾಗಿಲು ದಾಟಿ, ಆಟ ಗೆದ್ದ ಮೇಲೆ ಬರುವ ರಾಗ. ಆ ಅಂಗಡಿಯಲ್ಲಿ ಯಾರೊಬ್ಬರೂ ಅಲ್ಲಿಯವರೆಗೆ ಹೋಗಿರಲಿಲ್ಲ.

ಒಬ್ಬಳು ಮಾತ್ರ ಹತ್ತಿರ ಹೋಗಿದ್ದಳು. ಏಳನೇ ಕ್ಲಾಸಿನ ಪರೀಕ್ಷೆಯ ಸಮಯ. ಸುನಿತಾಳ ಸಿಪಾಯಿ ಇನ್ನೂ ಎರಡು ಜೀವ ಉಳಿಸಿಕೊಂಡು ಕೊನೆಯ ಬಾಗಿಲ ಮುಂದೆ ನಿಂತಿದ್ದ. ಅಂಗಡಿಯ ಹುಡುಗರೆಲ್ಲ ತಮ್ಮ ಆಟ ಬಿಟ್ಟು ಅವಳ ಹಿಂದೆ ಮೂಗಿನಲ್ಲಿ ಉಸಿರು ಬಿಡುತ್ತಾ ನಿಂತಿದ್ದರು. ಆಗ ಕರೆಂಟು ಹೋಯಿತು. ಪರೀಕ್ಷೆ ಮುಗಿಸಿ ಹೊಳವನಹಳ್ಳಿಯ ಅಜ್ಜಿ ಮನೆಗೆ ಹೋದವಳು ಜೂನ್‌ನಲ್ಲಿ ಬಂದು ನೋಡಿದರೆ ಅಂಗಡಿ ಎಸ್‌ಟಿಡಿ ಬೂತ್ ಆಗಿತ್ತು. ಅಂದಿನಿಂದ ಇಂದಿನವರೆಗೂ, ಯಾವ ಊರಿನಲ್ಲಿ ಕರೆಂಟು ಹೋದರೂ ಅವಳಿಗೆ ಆ ಬಾಗಿಲೇ ನೆನಪಾಗುತ್ತಿತ್ತು.

ಈಗ ಪರದೆಯ ಮೇಲೆ ಬಾಗಿಲು ತೆರೆದುಕೊಂಡಿತು. ಆಚೆ ಏನೂ ಇರಲಿಲ್ಲ. ಬರೀ ಹುಲ್ಲು, ಆಕಾಶ, ಅದರೊಳಗೆ ನಡೆದುಹೋಗುವ ಸಿಪಾಯಿ. ಸುನಿತಾ ಕಣ್ಣೊರೆಸಿಕೊಂಡಳು. ಜನ ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಸಭಾಂಗಣ ಅರ್ಧ ಖಾಲಿಯಾದರೂ ಮುದ್ದಕ್ಕ ಕುರ್ಚಿಯಿಂದ ಏಳಲಿಲ್ಲ.

"ಒಂದ್ ಮಾತು ಹೇಳ್ತೀನಿ, ಬೈಕೋಬೇಡ," ಎಂದಳು. "ಅವತ್ತು ಕರೆಂಟ್ ಹೋಗಿರ್ಲಿಲ್ಲ ಕಣಮ್ಮ. ನಾನೇ ಮೈನ್ ಎಳ್ದ್‌ಬುಟ್ಟೆ."

ಸುನಿತಾ ಅವಳ ಮುಖವನ್ನೇ ನೋಡಿದಳು.

"ನಿಮ್ಮವ್ವ ಬಂದಿದ್ಲು. ನಾಳೆ ಲೆಕ್ಕದ ಪರೀಕ್ಷೆ, ಹುಡುಗ್ರ ಮುಂದೆ ಬೈದ್ರೆ ಅವಮಾನ ಆಯ್ತದೆ, ಏನಾರ ಮಾಡಿ ಎಬ್ಬಿಸು ಮುದ್ದಕ್ಕ ಅಂದ್ಲು. ನಂಗೇನ್ ಗೊತ್ತು ನೀನು ಗೆಲ್ಲೋ ಹಂಗಿದ್ದೆ ಅಂತ. ನೀನು ಹೋಗಿದ್ದ ಮನೆ ರಾಗ ಹೊಸಾದಾಗಿತ್ತು. ಆ ರಾಗ ಅದಕ್ಕೆ ಮುಂಚೆ ಕೇಳೇ ಇರ್ಲಿಲ್ಲ ನಾನು."

ಸುನಿತಾ ಎದ್ದಳು. ಮೆಟ್ಟಿಲು ಇಳಿಯುವಾಗ ಮುದ್ದಕ್ಕನ ಕೈ ಹಿಡಿದಳು. ಇಪ್ಪತ್ತೇಳು ವರ್ಷ ಕರೆಂಟ್ ಆಫೀಸಿನವರಿಗೆ ಹಾಕಿದ ಶಾಪವೆಲ್ಲ ಈಗ ಯಾರಿಗೆ ಸೇರಬೇಕು ಎಂಬುದೇ ಅವಳಿಗೆ ತೋಚಲಿಲ್ಲ. ಎದುರಿನ ಹೋಟೆಲಿನಲ್ಲಿ ಇಬ್ಬರೂ ಊಟಕ್ಕೆ ಕೂತರು. ಮುದ್ದಕ್ಕ ತನ್ನ ಹಪ್ಪಳವನ್ನು ಎತ್ತಿ ಸುನಿತಾಳ ತಟ್ಟೆಗೆ ಹಾಕಿದಳು. ಅದನ್ನು ನೋಡಿ ಸುನಿತಾಗೆ ನಗು ಬಂತು. ಒಂದು ಸಲ ಬಂದ ಮೇಲೆ ನಿಲ್ಲಲಿಲ್ಲ. ಬಡಿಸುವವನು ಬಂದು, ಏನಾದರೂ ಬೇಕಾ ಮೇಡಂ ಎಂದು ಕೇಳಿ ಹೋದ.

ಬಸ್ಸು ನೆಲಮಂಗಲ ದಾಟಿದ ಮೇಲೆ ಸುನಿತಾ ಪುರವರದಲ್ಲಿದ್ದ ತಾಯಿ ಮಂಜಮ್ಮನಿಗೆ ಫೋನು ಹಚ್ಚಿದಳು. ಗುಟ್ಟು ಹೊರಬಿದ್ದದ್ದಕ್ಕೆ ಮಂಜಮ್ಮನಿಗೆ ಏನೂ ಅನಿಸಿದಂತೆ ಕಾಣಲಿಲ್ಲ. ಮೈನ್ ಎಳೆಸಿಯೂ ಲೆಕ್ಕದಲ್ಲಿ ನಲವತ್ತೊಂದೇ ತಗೊಂಡೆಯಲ್ಲ ಎಂದಳು. ಆಮೇಲೆ ಬೇರೆ ದನಿಯಲ್ಲಿ ಹೇಳಿದಳು.

"ಬಂದ ತಕ್ಷಣ ಹೇಳ್ಲಿಲ್ಲ ಕಣೇ ನಾನು. ಕಾಲು ಗಂಟೆ ಆಚೆ ನಿಂತ್ಕೊಂಡು ನೋಡ್ದೆ. ಅಷ್ಟು ಹುಡುಗ್ರು ನಿನ್ ಹಿಂದೆ ನಿಂತಿದ್ರು. ನಿನ್ ಬೆರಳು ಎಂಗ್ ಓಡ್ತಿತ್ತು ಅಂದ್ರೆ, ಇವಳು ನನ್ ಮಗಳೇನಾ ಅನ್ನಿಸ್ತು."

ಸುನಿತಾ ಫೋನು ಇಟ್ಟಳು. ಅವ್ವ ಏನಂದಳು ಎಂದು ಮುದ್ದಕ್ಕ ಎರಡು ಸಲ ಕೇಳಿದ ಮೇಲೆ ಹೇಳಿದಳು. ಮುದ್ದಕ್ಕ ತಲೆದೂಗಿದಳು.

"ನಿಜ. ಅಷ್ಟೊತ್ತು ನಿಂತವ್ಳೆ, ಒಂದು ಮೊಳ ಹೂ ತಗಳ್ಳಿಲ್ಲ ಅಂತ ಬೈಕೊಂಡಿದ್ದೆ ನಾನು."