ದೊಡ್ಡ ಇಂಜಿನ್, ಚಿಕ್ಕ ಲಾರಿ

ಸಿದ್ಧಾರ್ಥನಗರದ ಜವರಪ್ಪನಿಗೆ ತನ್ನ ಲಾರಿಗೆ ಏನಾಗಿದೆ ಎಂದೇ ತಿಳಿಯುತ್ತಿರಲಿಲ್ಲ. ೧೯೯೮ರ ಮಾತು. ಹಳೆಯ ಇಂಜಿನ್ ಏರು ಹತ್ತಲು ಒದ್ದಾಡುತ್ತದೆಂದು ಬೇಸತ್ತು, ಗುಜರಿಯಲ್ಲಿ ಸಿಕ್ಕ ದೊಡ್ಡ ಲಾರಿಯ ಇಂಜಿನನ್ನು ತನ್ನ ಚಿಕ್ಕ ಲಾರಿಗೆ ಕೂರಿಸಿದ್ದ. ಮೊದಲ ವಾರ ಗಾಡಿ ಹಾರಿತು. ಆಮೇಲೆ ಕ್ಲಚ್ ಪ್ಲೇಟು ಸುಟ್ಟಿತು. ಅದನ್ನು ಬದಲಿಸಿದರೆ, ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದನೆಯ ಜಾಯಿಂಟ್ ಶಾಫ್ಟು ಅದುರತೊಡಗಿತು.

"ಇಂಜಿನ್ ಆನೆ ಥರ ಅದೆ ಕಣೇ. ಗಾಡಿ ಮಾತ್ರ ಯಾಕಿಂಗೆ?" ಎಂದು ಹೆಂಡತಿ ಬಸವಮ್ಮನನ್ನು ಕೇಳುತ್ತಿದ್ದ. ಮೆಕ್ಯಾನಿಕ್ ಮೋಸ ಮಾಡಿದನೇ? ಯಾರದಾದರೂ ಕಣ್ಣು ಬಿತ್ತೇ? ಲಾರಿಯ ಮುಂದೆ ನಿಂಬೆಹಣ್ಣು ಕಟ್ಟಿದ. ಅದುರುವುದು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಸಿಮೆಂಟ್ ತುಂಬಿಕೊಂಡು ಚಾಮುಂಡಿ ಬೆಟ್ಟ ಹತ್ತುತ್ತಿದ್ದ. ಬೆಟ್ಟದ ಮೇಲಿನ ನೆಂಟರ ಮನೆಗೆ ಹೊರಟಿದ್ದ ಬಸವಮ್ಮ ಪಕ್ಕದಲ್ಲಿ ಕೂತಿದ್ದಳು. ಎದುರಿನ ಬಸ್ಸಿಗೆ ದಾರಿ ಬಿಡಲು ತಿರುವಿನಲ್ಲಿ ನಿಂತು, ಮತ್ತೆ ಹೊರಡಲು ಒಂದನೇ ಗೇರು ಹಾಕಿ ಜೋರಾಗಿ ಕ್ಲಚ್ ಬಿಟ್ಟ. ಕೆಳಗೆ 'ಟಣ್' ಎಂದಿತು. ಇಂಜಿನ್ ಅಬ್ಬರಿಸಿತು, ಚಕ್ರ ತಿರುಗಲಿಲ್ಲ. ಲಾರಿ ಹಿಂದಕ್ಕೆ ಜಾರತೊಡಗಿತು. ಹಿಂದೆ ಜನ ತುಂಬಿದ ವ್ಯಾನು!

ಜವರಪ್ಪ ಬ್ರೇಕಿನ ಮೇಲೆ ನಿಂತೇಬಿಟ್ಟ. ವ್ಯಾನಿಗೆ ಒಂದು ಮೊಳ ಉಳಿದಿರುವಾಗ ಲಾರಿ ನಿಂತಿತು. ಬಸವಮ್ಮ ಕೆಳಗೆ ಹಾರಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು. ವ್ಯಾನಿನಲ್ಲಿ ಮಗುವೊಂದು ಕಿರುಚಿ ಅಳುತ್ತಿತ್ತು. ಜವರಪ್ಪ ಹ್ಯಾಂಡ್ ಬ್ರೇಕ್ ಎಳೆದು ಕೆಳಗಿಳಿದ.

ಲಾರಿಯನ್ನು ಎಳೆಸಿಕೊಂಡು ಮನೆಗೆ ತಂದರು. ಪಕ್ಕದ ಮನೆಯ ಶಾಂತಾದೇವಿ ಹೆಬ್ಬಾಳದ ಕಾರ್ಖಾನೆಯಲ್ಲಿ ಗೇರುಗಳನ್ನು ಪರೀಕ್ಷೆ ಮಾಡುವವರು. ಬಗ್ಗಿ ನೋಡಿದರು.

"ಶಾಫ್ಟ್ ತಿರುಚಿ ಮುರಿದಿದೆ. ಇದರ ತಪ್ಪಲ್ಲ ಜವರಪ್ಪನೋರೆ, ಈ ಲಾರಿಗೆ ಇಷ್ಟು ದೊಡ್ಡ ಇಂಜಿನ್ ಹಾಕಿದ್ದು ತಪ್ಪು."

"ಶಕ್ತಿ ಜಾಸ್ತಿ ಇದ್ರೆ ಒಳ್ಳೇದಲ್ವಾ ಮೇಡಂ?"

"ಆ ಶಕ್ತಿ ಕ್ಲಚ್, ಗೇರ್‌ಬಾಕ್ಸ್, ಶಾಫ್ಟ್, ಆಕ್ಸಲ್ ದಾಟಿ ತಾನೇ ಚಕ್ರಕ್ಕೆ ಹೋಗೋದು? ಒಂದನೇ ಗೇರಲ್ಲಿ ತಿರುಚೋ ಬಲ ಇನ್ನೂ ಎಷ್ಟೋ ಪಟ್ಟು ಆಗುತ್ತೆ. ಆ ಭಾಗಗಳೆಲ್ಲ ನಿಮ್ಮ ಹಳೇ ಇಂಜಿನ್‌ಗೆ ತಕ್ಕಂಗೆ ಮಾಡಿದ್ದು."

ಜವರಪ್ಪನಿಗೆ ಇನ್ನಷ್ಟು ಗೊಂದಲವಾಯಿತು. "ಅಂಗಾದ್ರೆ ದಪ್ಪ ಶಾಫ್ಟ್ ಹಾಕ್ಬುಡ್ತೀನಿ."

"ಆಗ ಗೇರ್‌ಬಾಕ್ಸ್ ಹೋಗುತ್ತೆ. ಅದನ್ನೂ ಬದಲಾಯಿಸಿದ್ರೆ ಆಕ್ಸಲ್ ಮುರಿಯುತ್ತೆ."

ಬಸವಮ್ಮ ತಟ್ಟನೆ ಅಂದಳು: "ನಮ್ಮನೆ ಗ್ರೈಂಡರ್‌ಗೆ ಹಿಟ್ಟಿನ ಗಿರಣಿ ಮೋಟರ್ ಕೂರಿಸ್ದಂಗೆ ಕಣ್ರೀ! ಬೆಲ್ಟ್ ಕಿತ್ತೋಗಲ್ವಾ?"

"ಸರಿಯಾಗಿ ಹೇಳಿದ್ರಿ," ಎಂದು ಶಾಂತಾದೇವಿ ನಕ್ಕರು. "ಹಳೇ ಇಂಜಿನ್ನೇ ರಿಪೇರಿ ಮಾಡಿಸಿ ಹಾಕಿ. ಲೋಡ್ ಮಿತಿಯಲ್ಲಿರಲಿ. ಕ್ಲಚ್ ಮೆಲ್ಲಗೆ ಬಿಡಿ."

"ನಿಧಾನ ಆಯ್ತದಲ್ಲಾ ಮೇಡಂ," ಎಂದು ಜವರಪ್ಪ ತಲೆ ಕೆರೆದುಕೊಂಡ.

"ಆ ಮಗು ಅಳೋದು ನಿಮಗೆ ಕೇಳಿಸ್ಲಿಲ್ವಾ?" ಎಂದಳು ಬಸವಮ್ಮ.

ಜವರಪ್ಪ ಮಾರನೆಯ ದಿನವೇ ದೊಡ್ಡ ಇಂಜಿನನ್ನು ಇಳಿಸಿ, ಹಳೆಯದನ್ನು ರಿಪೇರಿಗೆ ಕೊಟ್ಟು, ಮುರಿದ ಶಾಫ್ಟಿನ ಬದಲು ಹೊಸದನ್ನು ತಂದ. ಆಮೇಲೆ ನಾಲ್ಕು ವರ್ಷ ಅದೇ ಲಾರಿ ಓಡಿಸಿದ. ಶಾಫ್ಟು ಒಮ್ಮೆಯೂ ಮುರಿಯಲಿಲ್ಲ.

ಲಾರಿ, ಕಾರು ಓಡಿಸುವ ಅಣ್ಣ ಅಕ್ಕಂದಿರೇ, ಇಂಜಿನ್ನಿನ ಬಲವೊಂದನ್ನೇ ನೋಡಿ ಮರುಳಾಗಬೇಡಿ. ಆ ಬಲವನ್ನು ನಿಮ್ಮ ಗಾಡಿಯ ಉಳಿದ ಭಾಗಗಳು ತಡೆದುಕೊಳ್ಳುತ್ತವೆಯೇ ಎಂದು ತಿಳಿದವರನ್ನು ಕೇಳಿ. ಶಾಫ್ಟು ಅದುರಿದರೆ, ಕೆಳಗೆ ಸದ್ದು ಬಂದರೆ, ಅವತ್ತೇ ಗಾಡಿ ನಿಲ್ಲಿಸಿ ತೋರಿಸಿ. ನಿಮ್ಮ ಹಿಂದೆಯೂ ಜನ ಬರುತ್ತಿರುತ್ತಾರೆ.