ಉಜ್ಜಿ ಹೋದ ಹಸಿರು

ನಮ್ಮ ಮಾವನವರಿಗೆ, ಅಂದರೆ ಹೆಂಡತಿಯ ತಂದೆಗೆ, ಗಡಿಯಾರ ರಿಪೇರಿ ಹೊಟ್ಟೆಪಾಡು, ನಾಣ್ಯ ಹುಚ್ಚು. ಅದೂ ಎಲ್ಲ ನಾಣ್ಯವಲ್ಲ. ಬರೀ ಚಿನ್ನ, ಬರೀ ಬೆಳ್ಳಿ ಕಂಡರೆ ಮೂಗು ಮುರಿಯುತ್ತಾರೆ. ಅವರಿಗೆ ಬೇಕಾದದ್ದು ಸುತ್ತ ಬೆಳ್ಳಿಯ ಬಳೆ, ನಡುವೆ ನಿಯೋಬಿಯಂ ಎಂಬ ಲೋಹದ ಬಿಲ್ಲೆ ಇರುವಂಥವು. ಆ ಬಿಲ್ಲೆ ಒಂದರಲ್ಲಿ ನೀಲಿ, ಒಂದರಲ್ಲಿ ನೇರಳೆ, ಇನ್ನೊಂದರಲ್ಲಿ ಒಣಗಿದ ಗುಲಾಬಿಯ ಬಣ್ಣ. ಸೇತುವೆಗೆ ಐವತ್ತಾಯಿತು, ವೀಕ್ಷಣಾಲಯಕ್ಕೆ ಇನ್ನೂರಾಯಿತು ಎಂದು ನೆನಪಿಗಾಗಿ ಟಂಕಿಸುವ ನಾಣ್ಯಗಳು ಅವು. ಅಂಥವು ಮಾವನ ಬಳಿ ಹನ್ನೊಂದಿದ್ದವು. ಎಲ್ಲಕ್ಕಿಂತ ಮುದ್ದಿನದು ಒಂದು ದೀಪಸ್ತಂಭದ ಶತಮಾನದ್ದು, ಗಾಢ ಹಸಿರು.

"ಬಳಿದ ಬಣ್ಣ ಅಲ್ಲಪ್ಪ ಇದು," ಎಂದು ನನಗೆ ನೂರು ಸಲ ಹೇಳಿದ್ದರು. "ಒಂದು ತೊಟ್ಟು ಪೇಂಟಿಲ್ಲ. ಲೋಹದ್ದೇ ಬಣ್ಣ."

"ನನ್ನ ಮುಖದ ಬಣ್ಣಾನೂ ನಂದೇ," ಎನ್ನುತ್ತಿದ್ದರು ಅತ್ತೆ. "ಅದಕ್ಕೆ ಯಾವತ್ತಾದ್ರೂ ಭೂತಗನ್ನಡಿ ಹಿಡಿದಿದ್ದೀರಾ?"

ಈ ಹನ್ನೊಂದನ್ನೂ ಹುಡುಕಿ ಕೊಟ್ಟವರು ಎರಡು ಬೀದಿ ಆಚೆಯ ನಾಣ್ಯದಂಗಡಿಯವರು. ಮಾರುವುದೂ ನಾಣ್ಯ, ಮನುಷ್ಯರೂ ನಾಣ್ಯಸ್ಥರು. ಉಬ್ಬಸದಿಂದಾಗಿ ಮಾತಿಗೆ ಮುಂಚೆ ಎದೆಯಿಂದ ಒಂದು ಸೀಟಿ ಹೊರಡುತ್ತಿತ್ತು, ನಡುನಡುವೆ ನಾಲಗೆ 'ತ್ಚ' ಎನ್ನುತ್ತಿತ್ತು. ನಾನು ಅವರಿಗೆ 'ಕುಕ್ಕರ್' ಎಂದು ಹೆಸರಿಟ್ಟಿದ್ದೆ. ಮೂವತ್ತು ವರ್ಷದಿಂದ ಸಂಜೆ ಆರಕ್ಕೆ ಕುಕ್ಕರ್ ಮಾವನ ಅಂಗಡಿಗೆ ಬರುವುದು, ಇಬ್ಬರೂ ಚಹಾ ಕುಡಿಯುವುದು ನಡೆದು ಬಂದಿತ್ತು. ಅವರ ದನಿಯನ್ನು ನಾನು ಊಟದ ಮೇಜಿನಲ್ಲಿ ತೆಗೆದರೆ ನನ್ನ ಹೆಂಡತಿ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದಳು. ಮಾವ ಮಾತ್ರ ನಗುತ್ತಿರಲಿಲ್ಲ. ಅವರನ್ನೂ ಒಂದು ಸಲ ನಗಿಸಬೇಕು ಎಂಬುದೇ ನನ್ನ ತಲೆ ತಿಂದದ್ದು.

ನಾನು ಲಿಫ್ಟ್ ಕಂಪನಿಯೊಂದರ ದೂರು ವಿಭಾಗದಲ್ಲಿದ್ದೇನೆ. ಜನರ ಏಳುಬೀಳು ಕೇಳುವುದೇ ಸಂಬಳದ ಕೆಲಸ. ಒಂದು ಮಂಗಳವಾರ ಮಧ್ಯಾಹ್ನ ದೂರುಗಳು ಕಡಿಮೆಯಿದ್ದವು. ಮಾವನ ಅಂಗಡಿಯ ಹಳೆಯ ಫೋನಿಗೆ ಕರೆ ಮಾಡಿದೆ. ಯಾರ ನಂಬರೆಂದು ತೋರಿಸುವ ಪೈಕಿ ಅಲ್ಲ ಆ ಫೋನು.

"ಸ್ಸ್ಸ್... ವಿಷಯ ಏನಪ್ಪಾ ಅಂದ್ರೆ," ಎಂದೆ, ಕುಕ್ಕರ್ ಗಂಟಲಲ್ಲಿ. "ಆ ದೀಪಸ್ತಂಭದ ಹಸಿರು ಇದೆಯಲ್ಲ, ತ್ಚ, ಅದರಲ್ಲಿ ನಕಲಿ ಬಂದಿದೆಯಂತೆ. ಪೇಂಟು. ಸ್ವಲ್ಪ ಟೂತ್‌ಪೇಸ್ಟ್ ಹಾಕಿ ಉಜ್ಜಿ ನೋಡಿ. ಅಸಲಿ ಆದ್ರೆ ಏನೂ ಆಗಲ್ಲ."

ಗಡಿಯಾರಗಳ ಸದ್ದಿನ ನಡುವೆ ಮಾವ ಕೇಳಿದರು: "ನಾಣ್ಯ ಯಾವತ್ತೂ ಉಜ್ಜಬಾರದು ಅಂತ ನೀವೇ ಅಲ್ವಾ ಹೇಳಿಕೊಟ್ಟಿದ್ದು?"

"ಇದು ತೊಳೆಯೋದಲ್ಲ, ತ್ಚ, ಪರೀಕ್ಷೆ."

ಐದು ನಿಮಿಷ ಬಿಟ್ಟು ನನ್ನ ದನಿಯಲ್ಲೇ ಫೋನ್ ಮಾಡಿ ಗುಟ್ಟು ಒಡೆಯುವುದು ಎಂದುಕೊಂಡಿದ್ದೆ. ಅಷ್ಟರೊಳಗೆ ಉಜ್ಜಿಬಿಟ್ಟರೂ ಲೋಹದ್ದೇ ಬಣ್ಣ ಹೇಗೆ ಹೋದೀತು ಎಂದು ನಾನೂ ನಂಬಿದ್ದೆ. ಆದರೆ ಫೋನಿಟ್ಟ ಮರುಕ್ಷಣವೇ ಒಂದು ದೂರು ಬಂತು. ನಾಲ್ಕನೇ ಮಹಡಿಗೂ ಐದನೆಯದಕ್ಕೂ ನಡುವೆ ಲಿಫ್ಟ್ ನಿಂತು ಮೂವರು ದಂತವೈದ್ಯರು ಸಿಕ್ಕಿಕೊಂಡಿದ್ದರು. ಬೇರೆಯವರ ಬಾಯಿ ತೆಗೆಸುವವರು ತಾವೇ ಬಾಯಿ ತೆಗೆದು ಕೂಗುತ್ತಿದ್ದರು. ಅವರನ್ನು ಇಳಿಸಲು ಎರಡು ಗಂಟೆ ಹಿಡಿಯಿತು, ಮೇಲೊಂದು ವರದಿ ಬರೆಯಬೇಕಾಯಿತು. ಮಾವ ನೆನಪಾದದ್ದು ಸಂಜೆ ಬ್ಯಾಗ್ ಹೆಗಲಿಗೆ ಹಾಕಿಕೊಂಡಾಗ.

ಅಂಗಡಿಗೆ ಓಡಿದೆ. ಮಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ಮುಂದೆ ಬಟ್ಟೆಯ ಮೇಲೆ ದೀಪಸ್ತಂಭ. ಬೆಳ್ಳಿಯ ಬಳೆ ಹೊಳೆಯುತ್ತಿತ್ತು. ನಡುವಿನ ಬಿಲ್ಲೆ ಸವೆದ ಚಮಚದಂತೆ ಬೂದು.

"ಹಸಿರು ಮೊದಲು ಗುಲಾಬಿ ಆಯ್ತು," ಎಂದರು ಮಾವ, ನನ್ನತ್ತ ನೋಡದೆ. "ಆಮೇಲೆ ಹಳದಿ, ಆಮೇಲೆ ನೀಲಿ, ಕಂದು. ಪೇಂಟಾಗಿದ್ರೆ ಒಂದೇ ಸಲ ಬೂದು ಬರಬೇಕಿತ್ತು. ಬಣ್ಣ ಬಣ್ಣವಾಗಿ ಹೋಯ್ತು ಅಂದ್ರೆ ಅಸಲಿ. ಈಗ ಪುಸ್ತಕ ತೆಗೆದು ಓದಿದೆ. ಲೋಹದ ಮೇಲೆ ಅದರದ್ದೇ ಒಂದು ಪೊರೆಯಂತೆ, ಕೂದಲಿಗಿಂತ ಎಷ್ಟೋ ತೆಳು. ಅದು ಎಷ್ಟು ದಪ್ಪ ಇದ್ರೆ ಅಂಥ ಬಣ್ಣ ಕಾಣುತ್ತಂತೆ. ಉಜ್ಜಿದ್ರೆ ಮುಗೀತು."

"ಗುಲಾಬಿ ಬಂದಾಗಲೇ ನಿಲ್ಲಿಸಬಹುದಿತ್ತಲ್ಲ ಮಾವ?"

"ನಿಲ್ಲಿಸಬಹುದಿತ್ತು. ಆದ್ರೆ ಹೇಳಿದ್ದು ಯಾರು? ಮೂವತ್ತು ವರ್ಷದಲ್ಲಿ ನನಗೆ ಒಂದು ಸುಳ್ಳು ಹೇಳದವರು. ಅವರು ಅಂದ ಮೇಲೆ ಪೇಂಟೇ ಇರಬೇಕು ಅಂತ ಕೈ ತನ್ನಷ್ಟಕ್ಕೆ ಉಜ್ಜುತ್ತಾ ಹೋಯ್ತು." ಭೂತಗನ್ನಡಿ ತೆಗೆದರು. ಕಣ್ಣಿನ ಸುತ್ತ ಕೆಂಪು ಗೆರೆ ಉಳಿದಿತ್ತು. "ಈಗ ಹೋಗಿ ಕೇಳಿದ್ರೆ ನಾನು ಫೋನೇ ಮಾಡಿಲ್ಲ ಅಂತಾರೆ. ಮುಖಕ್ಕೆ ಮುಖ ಕೊಟ್ಟು ಅಂತಾರೆ! ತಪ್ಪಾಯ್ತು ಅಂದಿದ್ರೆ ಸಾಕಿತ್ತು. ಇನ್ನು ನಮ್ಮ ಅಂಗಡಿ ಮೆಟ್ಟಿಲು ಹತ್ತಬೇಡಿ ಅಂತ ಹೇಳಿ ಬಂದೆ."

ಹೇಳಬೇಕಿದ್ದದ್ದು ಆಗಲೇ. ಹತ್ತಾರು ಜನರ ದನಿ ತೆಗೆಯುವ ನನ್ನ ಗಂಟಲಿನಿಂದ ಆಗ ಹೊರಟದ್ದು "ಛೇ" ಎಂಬುದೊಂದೇ.

ಅಲ್ಲಿಂದ ಮೂರು ವಾರ ಆರು ಗಂಟೆಯ ಚಹಾ ನಿಂತಿತು. ಮಾವ ಆರಕ್ಕೆ ಮೊದಲೇ ಬಾಗಿಲು ಎಳೆದು ಮನೆಗೆ ಬಂದು ಗೋಡೆ ನೋಡುತ್ತಾ ಕೂರುತ್ತಿದ್ದರು. "ಎಲ್ಲಿ, ಕುಕ್ಕರ್ ಮಾಡಿ," ಎಂದು ಹೆಂಡತಿ ಕೇಳಿದರೆ ಗಂಟಲು ನೋವೆನ್ನುತ್ತಿದ್ದೆ. ಅತ್ತೆ ನಿಜವಾಗಿಯೂ ಬಿಸಿನೀರು ಕಾಯಿಸಿ ಕೊಟ್ಟರು. ಉಪ್ಪು ಹಾಕಿದ ಆ ನೀರನ್ನು ದಿನಾ ಎರಡು ಹೊತ್ತು ಮುಕ್ಕಳಿಸಿದೆ. ಶಿಕ್ಷೆಯಲ್ಲಿ ಅಷ್ಟಾದರೂ ತೀರಲಿ ಎಂದು.

ಅಂಥದ್ದೇ ಇನ್ನೊಂದು ದೀಪಸ್ತಂಭ ಸಿಕ್ಕರೆ ಕೊಂಡು ಮಾವನ ಮೇಜಿನ ಮೇಲಿಟ್ಟು ಎಲ್ಲ ಮುಗಿಸಿಬಿಡೋಣ ಎಂಬ ಕಳ್ಳದಾರಿ ಹೊಳೆದು, ಕೊನೆಗೆ ನಾಣ್ಯದಂಗಡಿಗೆ ಹೋದೆ. ಅವರು ಹತ್ತಿಯ ಕೈಗವಸು ಹಾಕಿಕೊಂಡು ಯಾವುದೋ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಡಬ್ಬಿಗೆ ಇಳಿಸುತ್ತಿದ್ದರು. ಫೋನಿನ ಪಕ್ಕ ಹೊಸದೊಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು.

"ಬನ್ನಿ ಅಳಿಯಂದಿರೇ. ಸ್ಸ್ಸ್... ಮಾವ ಹೇಗಿದ್ದಾರೆ?"

"ಇದ್ದಾರೆ."

"ವಿಷಯ ಏನಪ್ಪಾ ಅಂದ್ರೆ, ಅವರು ಸುಳ್ಳು ಹೇಳೋ ಮನುಷ್ಯ ಅಲ್ಲ. ಬಹಳ ಯೋಚನೆ ಮಾಡಿದೆ. ನನ್ನ ದನಿ ಕೇಳಿದೆ ಅಂದ್ರೆ, ತ್ಚ, ಫೋನ್ ಮಾಡಿದ್ದು ನಾನೇ. ನನಗೇ ನೆನಪಿಲ್ಲ." ನೋಟ್‌ಬುಕ್ಕಿನ ಮೇಲೆ ಕೈಯಿಟ್ಟರು. "ಅದಕ್ಕೇ ಈಗ ಪ್ರತಿ ಕರೆ ಬರೆದಿಡ್ತೀನಿ. ಮರೆವಿನ ಡಾಕ್ಟರ ಹತ್ತಿರ ಗುರುವಾರ ಸಮಯ ತಗೊಂಡಿದ್ದೀನಿ. ಮಗಳಿಗೆ ಇನ್ನೂ ಹೇಳಿಲ್ಲ."

ಒಂದು ನಾಣ್ಯವನ್ನಷ್ಟೇ ಕೆಡಿಸಿದ್ದೇನೆ ಎಂದುಕೊಂಡಿದ್ದೆ.

"ನನ್ನ ಜೊತೆ ಬನ್ನಿ," ಎಂದೆ.

"ಎಲ್ಲಿಗೆ? ಅವರು ಮೆಟ್ಟಿಲು ಹತ್ತಬೇಡಿ ಅಂದಿದ್ದಾರೆ."

"ಬನ್ನಿ. ಹತ್ತಬಾರದವನು ನಾನು."

ಹೊರಡುವಾಗ ಅವರು ದಾರ ಬಿಚ್ಚಿ ನೋಟ್‌ಬುಕ್ಕನ್ನು ಜೇಬಿಗೆ ಹಾಕಿಕೊಂಡರು. ಎರಡೇ ಬೀದಿ. ಅವರು ನಾಲ್ಕು ಕಡೆ ನಿಂತರು, ಪ್ರತಿ ಸಲವೂ ಆ ಸೀಟಿ ನನ್ನ ಕಿವಿಗೆ ಹೊಡೆಯಿತು. ನಮ್ಮನ್ನು ಕಂಡು ಮಾವ ಎದ್ದು ನಿಂತರು. ಅವರು ಏನಾದರೂ ಅನ್ನುವ ಮೊದಲೇ ನಾನು ಬಾಗಿಲಲ್ಲೇ ನಿಂತು, ನೆಲ ನೋಡುತ್ತಾ, ಶುರು ಮಾಡಿದೆ.

"ಸ್ಸ್ಸ್... ವಿಷಯ ಏನಪ್ಪಾ ಅಂದ್ರೆ. ಆ ದೀಪಸ್ತಂಭದ ಹಸಿರು ಇದೆಯಲ್ಲ, ತ್ಚ..."

ಮುಂದಕ್ಕೆ ಆಗಲಿಲ್ಲ. ಬೇಕಾಗಲೂ ಇಲ್ಲ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ, ಯಾರೂ ನಗಲಿಲ್ಲ. ಮಾವ ನನ್ನನ್ನು ನೋಡಿದರು, ನಾಣ್ಯದಂಗಡಿಯವರನ್ನು ನೋಡಿದರು, ಮತ್ತೆ ಕುರ್ಚಿಯಲ್ಲಿ ಕೂತುಬಿಟ್ಟರು.

"ನೀನಾ," ಎಂದರು.

"ನಾನೇ ಮಾವ. ತಮಾಷೆಗೆ. ಅವರು ಮಾಡಿಲ್ಲ. ಅವರಿಗೆ ಮರೆವೂ ಇಲ್ಲ," ಎಂದು ನಾಣ್ಯದಂಗಡಿಯವರತ್ತ ತಿರುಗಿದೆ. "ಡಾಕ್ಟರ ಹತ್ತಿರ ಹೋಗೋದು ಬೇಡ. ನಾನೇ ಫೋನ್ ಮಾಡಿ ಬೇಡ ಅಂತ ಹೇಳ್ತೀನಿ."

ಅವರು ಬೈಯಲಿಲ್ಲ. ಜೇಬಿನಿಂದ ಆ ನೋಟ್‌ಬುಕ್ಕು ತೆಗೆದು, ಒಂದು ಪುಟ ತೆರೆದು, ನನಗಲ್ಲ, ಮಾವನಿಗೆ ಕೊಟ್ಟರು. "ಬರೆದಿಡೋಕೆ ಶುರು ಮಾಡಿದ ಮೇಲೆ ಗೊತ್ತಾಯ್ತು. ಇದರಲ್ಲಿ ಆರು ಕರೆ ನನ್ನ ಅಕ್ಷರದಲ್ಲೇ ಇವೆ. ಆ ಆರರಲ್ಲಿ ಒಂದನ್ನೂ ಮಾತಾಡಿದ್ದು ನೆನಪಿಲ್ಲ. ಅದು ಇವರ ತಪ್ಪಲ್ಲ."

ನನ್ನ ತಪ್ಪಲ್ಲ ಎಂದದ್ದು ನನ್ನನ್ನು ಹಗುರ ಮಾಡಬೇಕಿತ್ತು. ಮಾಡಲಿಲ್ಲ. ಮೂರು ವಾರ ಆ ನೋಟ್‌ಬುಕ್ಕನ್ನು ಅವರು ಒಬ್ಬರೇ ಓದಿಕೊಂಡಿದ್ದರು, ಆರು ಗಂಟೆಗೆ ಹೋಗಲು ಜಾಗವಿಲ್ಲದೆ.

ಮಾವ ಪುಟದ ಮೇಲಿಂದ ತಲೆ ಎತ್ತಲಿಲ್ಲ. "ಗುರುವಾರ ಎಷ್ಟು ಹೊತ್ತಿಗೆ?"

"ಹನ್ನೊಂದಕ್ಕೆ."

"ನಾನೂ ಬರ್ತೀನಿ."

"ನಾನು ಕಾರ್ ತರಲಾ ಮಾವ?" ಎಂದೆ.

"ಬೇಡ. ನೀನು ರಜೆ ಹಾಕಿ ಅಂಗಡಿ ನೋಡ್ಕೋ. ಫೋನ್ ಬಂದ್ರೆ ಎತ್ತಬೇಡ."

ಗುರುವಾರ ರಜೆ ಹಾಕಿದೆ. ಹತ್ತೂವರೆಗೆ ಇಬ್ಬರೂ ಹೊರಟರು. ತಿರುವಿನಲ್ಲಿ ನಾಣ್ಯದಂಗಡಿಯವರು ಉಸಿರಿಗೆ ನಿಂತಾಗ, ಮಾವ ತಮ್ಮ ಕೈಗಡಿಯಾರ ಬಿಚ್ಚಿ, ಏನೋ ಕೆಟ್ಟಿದೆ ಎಂಬಂತೆ ಕಿವಿಗೆ ಹಿಡಿದು ನಿಂತರು. ಅಂಗಡಿಯೊಳಗೆ ಫೋನ್ ಹೊಡೆದುಕೊಳ್ಳತೊಡಗಿತು. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು, ಅದು ಸುಮ್ಮನಾಗುವವರೆಗೆ ಕೂತೆ.