ಇನ್ನೂರ ಹದಿನಾಲ್ಕನೆಯ ಚೂರು ಮತ್ತು ನಾನು

ನಾನು ಒಂದು ಮಡಕೆ. ವಯಸ್ಸು ಕೇಳಬೇಡಿ. ಆ ಒಂದು ಪ್ರಶ್ನೆಗೆ ನನ್ನ ತಲೆ ಗಿರ್ರೆನ್ನುತ್ತದೆ. ನನಗೆ ಗೊತ್ತಿರುವಂತೆ ನಾನು ಹುಟ್ಟಿ ಒಂದು ತಿಂಗಳೂ ಆಗಿರಲಿಲ್ಲ, ಆಗಲೇ ಮೈಕಿನಲ್ಲಿ ಒಬ್ಬರು ನನಗೆ ಮೂರು ಸಾವಿರ ವರ್ಷ ಎಂದು ಸಾರಿಬಿಟ್ಟರು.

ನನ್ನನ್ನು ಮಾಡಿದವಳು ಕುಂಬಾರ ದ್ಯಾಮವ್ವ. ಊರಿನ ಮ್ಯೂಸಿಯಂನಲ್ಲಿ ಪುರಾತತ್ವ ಹಬ್ಬವಂತೆ, ಅದಕ್ಕೆ ಹಳೇ ಕಾಲದ ಗೋರಿಗಳಲ್ಲಿ ಸಿಕ್ಕಂಥ ಎಂಟು ಮಡಕೆ ಬೇಕೆಂದು ಅಲ್ಲಿನ ಕಾವಲುಗಾರ ಮಾಬುಸಾಬ್ ಬಂದು ಹೇಳಿದ್ದರು. ಒಳಗೆಲ್ಲ ಕಪ್ಪು, ಹೊರಗೆ ಕೆಂಪು ಇರಬೇಕು. ದ್ಯಾಮವ್ವ ಎರಡು ಸಲ ಸುಟ್ಟಳು, ಎರಡು ಸಲವೂ ಕೆಟ್ಟವು. ಮೂರನೆಯ ಸಲ ಮಣ್ಣಿಗೂ ಭತ್ತದ ಹೊಟ್ಟು ಕಲಸಿ, ನಮ್ಮ ಹೊಟ್ಟೆಗೂ ಅದನ್ನೇ ತುಂಬಿ, ಬೋರಲು ಹಾಕಿ ಸುಟ್ಟಳು. ಬೂದಿಯಿಂದ ಎತ್ತಿದಾಗ ನಾವು ಎಷ್ಟು ಚೆಂದ ಇದ್ದೆವೆಂದರೆ ಅವಳೇ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನನಗೂ ಸ್ವಲ್ಪ ಜಂಬ ಬಂತು.

ಮ್ಯೂಸಿಯಂಗೆ ತಂದ ಮರುದಿನವೇ ಮಾಬುಸಾಬ್ ನಮ್ಮನ್ನು ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದರು! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಅದನ್ನು ಮೈಮೇಲೆಯೇ ಕಂಡೆ. ಒಡೆಯುವಾಗ ಆ ಮನುಷ್ಯ "ತಪ್ಪಾತಪ್ಪಾ" ಎಂದು ಕೆನ್ನೆ ಬಡಿದುಕೊಂಡರು. ಆಮೇಲೆ ನಮ್ಮ ಚೂರುಗಳನ್ನೆಲ್ಲ ಅಂಗಳದ ಮರಳಿನಲ್ಲಿ ಹೂತರು. ಒಡೆಯುವುದಿದ್ದರೆ ಮಾಡಿಸಿದ್ದೇಕೆ, ಹೂಳುವುದಿದ್ದರೆ ಒಡೆದದ್ದೇಕೆ? ನನಗೆ ತಲೆಬುಡ ತಿಳಿಯಲಿಲ್ಲ.

ಶನಿವಾರ ಹಬ್ಬ. ಮರಳಿನೊಳಗೆ ಮೂರು ಸಾವಿರ ವರ್ಷದ ಮಡಕೆಗಳಿವೆ ಎಂದು ಮೈಕಿನಲ್ಲಿ ಸಾರಿದರು. ಅಪ್ಪ, ಅಮ್ಮ, ಮಕ್ಕಳು ಬ್ರಷ್ ಹಿಡಿದು ಮರಳು ಕೆದಕಿದರು. ಒಬ್ಬ ತಂದೆ ಮಗನ ಬ್ರಷ್ ಕಸಿದುಕೊಂಡು ತಾನೇ ಅಗೆಯುತ್ತಿದ್ದ. ನನ್ನನ್ನು ಹೊರಗೆ ತೆಗೆದವಳು ಎಂಟು ವರ್ಷದ ಸಿಂಚನಾ. ಅವಳ ಜೊತೆ ಅಜ್ಜಿ ಶಿವಗಂಗವ್ವ ಬಂದಿದ್ದಳು.

ಪಕ್ಕದ ಮೇಜಿನ ಮೇಲೆ, ಕೆಂಪು ಬಟ್ಟೆಯಲ್ಲಿ, ಒಂದು ಚೂರನ್ನು ಇಟ್ಟಿದ್ದರು. ಅದು ನಿಜವಾದದ್ದು, ಮೂರು ಸಾವಿರ ವರ್ಷದ್ದು. ಅದರ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ೨೧೪ ಎಂದು ಮಸಿಯಲ್ಲಿ ಬರೆದಿತ್ತು. ಗಾಜಿನ ಪೆಟ್ಟಿಗೆಯಿಂದ ಹೊರಗೆ ತರಬಾರದೆಂದು ಕಟ್ಟುನಿಟ್ಟು. ಆದರೆ ಮಕ್ಕಳು ಒಂದಾದರೂ ಖರೇ ವಸ್ತು ಮುಟ್ಟಿ ನೋಡಲಿ ಎಂಬ ಆಸೆಗೆ ಮಾಬುಸಾಬ್ ಯಾರನ್ನೂ ಕೇಳದೆ ತಂದಿದ್ದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರು ಮುರಿದ ಮೊದಲ ನಿಯಮ ಅದು. ನಿವೃತ್ತಿಗೆ ಎರಡೇ ತಿಂಗಳು ಉಳಿದಿತ್ತು.

ಸಿಕ್ಕ ಚೂರುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತೊಳೆಯುವುದು ಮುಂದಿನ ಆಟ. ಶಿವಗಂಗವ್ವನಿಗೆ ಆ ಬ್ರಷ್ ನೋಡಿಯೇ ನಗು ಬಂತು. "ಇದರಾಗ ಎಲ್ಲಿ ಹೋಗ್ತದವ್ವಾ ಕೊಳಿ?" ಎಂದು ತೆಂಗಿನ ನಾರು, ಬೂದಿ ಹುಡುಕಿ ತಂದು ಕುಕ್ಕರುಗಾಲಲ್ಲಿ ಕುಳಿತಳು. ನನ್ನ ಚೂರುಗಳನ್ನು ಫಳಫಳ ಮಾಡಿದಳು. ಮೇಜಿನ ಮೇಲಿದ್ದದ್ದೂ ಕಣ್ಣಿಗೆ ಬಿತ್ತು. "ಅಯ್ಯ, ಇದಕ್ಕ ಯಾರೋ ಮಸಿ ಹಚ್ಯಾರ!" ಎಂದು ಅದನ್ನೂ ತಂದು ತಿಕ್ಕಿದಳು. ೨೧೪ ಬೂದಿನೀರಿನಲ್ಲಿ ಹರಿದುಹೋಯಿತು. ತೊಳೆದದ್ದನ್ನು ನನ್ನ ಚೂರುಗಳ ಜೊತೆಗೇ ಹಾಕಿದಳು. ಜಾಗ ಖಾಲಿ ಬಿಡಬಾರದೆಂದು ನನ್ನ ಭುಜದ ಚೂರೊಂದನ್ನು ಕೆಂಪು ಬಟ್ಟೆಯ ಮೇಲೆ ಇಟ್ಟಳು. ಇದನ್ನೆಲ್ಲ ನೋಡಿದೆ. ಆದರೆ ಮಡಕೆಯ ಮಾತು ಯಾರು ಕೇಳುತ್ತಾರೆ?

ಸಿಂಚನಾ ನಾಲಿಗೆ ಹೊರಚಾಚಿಕೊಂಡು ನನ್ನನ್ನು ಗೋಂದಿನಿಂದ ಜೋಡಿಸಿದಳು. ಭುಜದಲ್ಲಿ ಒಂದು ಚೂರು ಕೂರಲೊಲ್ಲದು. ಗೋಂದು ಮೆತ್ತಿ ಒತ್ತಿದಳು. ತಳದಲ್ಲಿ ಪೆನ್ನಿನಿಂದ ತನ್ನ ಹೆಸರು ಬರೆದಳು. ಒಣಗಲೆಂದು ಎಂಟು ಮಡಕೆಗಳನ್ನೂ ಅಲ್ಲೇ ಬಿಟ್ಟು ಎಲ್ಲರೂ ಹೋದರು.

ನನ್ನ ಭುಜದಲ್ಲಿ ಯಾರೋ ಅಪರಿಚಿತರು ಕೂತಿದ್ದರು. ತಣ್ಣಗಿದ್ದರು. ಈಗ ನಾನು ಹೊಸಬನೋ ಹಳಬನೋ? ನಾನು ಅವರನ್ನು ಹೊತ್ತಿದ್ದೇನೋ, ಅವರು ನನ್ನನ್ನು ಹಿಡಿದಿದ್ದಾರೋ?

ಸಂಜೆ ಬಾಗಿಲು ಹಾಕುವ ಮುಂಚೆ ಮಾಬುಸಾಬ್ ಕೆಂಪು ಬಟ್ಟೆಯ ಮೇಲಿನ ಚೂರು ತಿರುವಿ ನೋಡಿದರು. ನಂಬರಿಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟರು. ಸೋಮವಾರ ಜಿಲ್ಲೆಯಿಂದ ತಪಾಸಣೆಗೆ ಬರುವವರಿದ್ದರು. ಅಳಿಸಿಹೋದದ್ದು ನಂಬರ್ ಮಾತ್ರವೋ, ಚೂರೇ ಬದಲಾಗಿದೆಯೋ ಅವರಿಗೆ ತಿಳಿಯಲಿಲ್ಲ. ಮಸಿ, ಪೆನ್ನು ಕೈಗೆ ತೆಗೆದುಕೊಂಡರು. ೨೧೪ ಎಂದು ಬರೆದು ಪೆಟ್ಟಿಗೆಯಲ್ಲಿಟ್ಟರೆ ಮುಗಿಯಿತು. ಪೆನ್ನು ಬಹಳ ಹೊತ್ತು ಗಾಳಿಯಲ್ಲೇ ನಿಂತಿತ್ತು. ನನಗೆ ಆ ಮುದುಕರನ್ನು ನೋಡಿ ಅಳು ಬಂತು. ಕೊನೆಗೆ ಪೆನ್ನಿನ ಮುಚ್ಚಳ ಹಾಕಿದರು.

ಭಾನುವಾರ ಬೆಳಿಗ್ಗೆ ದ್ಯಾಮವ್ವನನ್ನು ಕರೆತಂದರು. ಅವಳು ಚೂರಿನ ಒಡೆದ ಅಂಚನ್ನು ಬಿಸಿಲಿಗೆ ಹಿಡಿದಳು.

"ಇದು ನಂದರೀ ಸಾಬ್ರ. ಮಣ್ಣಾಗ ಹೊಟ್ಟು ಕಲಸೀನಿ. ಸುಟ್ಟಾಗ ಅದು ಉರದು ಸಣ್ಣ ಸಣ್ಣ ತೂತು ಬಿದ್ದಾವ, ನೋಡ್ರಿ."

"ಹಂಗಾರ ಖರೇದು ಎಲ್ಲೈತಬೇ?"

ದ್ಯಾಮವ್ವ ಎಂಟು ಮಡಕೆಗಳ ಮುಂದೆ ನಡೆದು ನನ್ನ ಹತ್ತಿರ ನಿಂತಳು. "ನನ್ನ ಗಡಿಗಿ ಭುಜ ಹಿಂಗ ಸೊಟ್ಟ ಇರೂದಿಲ್ಲ."

ನನ್ನನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದರು. ಗೋಂದು ಕರಗಿ ನಾನು ಮತ್ತೆ ಬಿಚ್ಚಿಕೊಂಡೆ. ಭುಜದಿಂದ ಆ ಹಿರಿಯ ಚೂರು ಕಳಚಿ ಹೋಯಿತು. ಅದರ ಅಂಚಿನಲ್ಲಿ ಒಂದು ತೂತೂ ಇರಲಿಲ್ಲ. ಮಾಬುಸಾಬ್ ಅದನ್ನು ಕಣ್ಣಿಗೊತ್ತಿಕೊಂಡರು. ಒಂದೇ ರಾತ್ರಿಯ ನೆಂಟಸ್ತಿಕೆ, ಆದರೂ ನನಗೆ ಖಾಲಿ ಖಾಲಿ ಅನಿಸಿತು.

ಅಷ್ಟರಲ್ಲಿ ಮಡಕೆ ಒಯ್ಯಲು ಸಿಂಚನಾ ಬಂದಳು. ಬಕೆಟ್ಟಿನೊಳಗೆ ಇಣುಕಿದಳು. "ನಾ ಜೋಡಿಸಿದ್ದು ತಪ್ಪಾಗಿತ್ತೇನು?"

"ಇಲ್ಲವ್ವ, ತಪ್ಪು ನಂದು" ಎಂದು ಮಾಬುಸಾಬ್ ನೆಲದ ಮೇಲೆ ಅವಳ ಪಕ್ಕದಲ್ಲೇ ಕೂತರು. ದ್ಯಾಮವ್ವನೂ ಸೇರಿಕೊಂಡು ಮೂವರೂ ನನ್ನನ್ನು ಮತ್ತೆ ಜೋಡಿಸಿದರು, ಈ ಸಲ ನನ್ನದೇ ಭುಜದ ಜೊತೆ.

ಸೋಮವಾರ ತಪಾಸಣೆಯ ಮೇಡಂ ಬಂದಾಗ ನಾನು ಕಿಟಕಿಯ ಕಟ್ಟೆಯ ಮೇಲೆ ಒಣಗುತ್ತಿದ್ದೆ. ಚೂರಿನ ಮೇಲೆ ಹೊಸ ಮಸಿಯಲ್ಲಿ ೨೧೪ ಇತ್ತು. ಆದರೆ ಮಾಬುಸಾಬ್ ರಿಜಿಸ್ಟರಿನಲ್ಲಿ ನಡೆದದ್ದನ್ನೆಲ್ಲ, ಅಪ್ಪಣೆಯಿಲ್ಲದೆ ಹೊರಗೆ ತಂದದ್ದನ್ನೂ, ಬರೆದು ಸಹಿ ಹಾಕಿದ್ದರು. ಮೇಡಂ ಎರಡು ಸಲ ಓದಿದರು.

"ಇದನ್ನ ಬರೀದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ದ್ಯಾಮವ್ವಗ ಗೊತ್ತಾಗ್ತಿತ್ತರೀ" ಎಂದರು ಮಾಬುಸಾಬ್.

ಮೇಡಂ ಎಚ್ಚರಿಕೆಯ ಪತ್ರವೊಂದನ್ನು ಕೊಟ್ಟರು. ಹೋಗುವಾಗ ದ್ಯಾಮವ್ವನ ಮನೆ ಎಲ್ಲಿ ಎಂದೂ ಕೇಳಿಕೊಂಡು ಹೋದರು.

ಈಗ ನಾನು ಸಿಂಚನಾಳ ಮನೆಯ ಗೂಡಿನಲ್ಲಿದ್ದೇನೆ. ನೀರು ನಿಲ್ಲುವುದಿಲ್ಲ, ಅಂಗಿಯ ಗುಂಡಿಗಳನ್ನು ಹಾಕಿಡುತ್ತಾರೆ. ಅಮಾವಾಸ್ಯೆಗೊಮ್ಮೆ ಶಿವಗಂಗವ್ವ ಬೂದಿ ಹಾಕಿ ತಿಕ್ಕುತ್ತಾಳೆ. ಮೊದಲ ಅಮಾವಾಸ್ಯೆಗೇ ತಳದಲ್ಲಿದ್ದ ಹುಡುಗಿಯ ಹೆಸರು ಹೋಯಿತು. ಈಗ ನನ್ನ ಮೇಲೆ ನಂಬರೂ ಇಲ್ಲ, ಹೆಸರೂ ಇಲ್ಲ. ಮುಂದೆಂದಾದರೂ ಯಾರಾದರೂ ನನ್ನನ್ನು ಮಣ್ಣಿನಿಂದ ತೆಗೆದರೆ ಅವರಿಗೂ ನನ್ನಷ್ಟೇ ಗೊಂದಲವಾದೀತು. ಅವರು ಒಡೆದ ಅಂಚನ್ನು ಬಿಸಿಲಿಗೆ ಹಿಡಿದು ನೋಡಲಿ. ಸಣ್ಣ ಸಣ್ಣ ತೂತು ಕಂಡರೆ ನಾನು ದ್ಯಾಮವ್ವನ ಮಡಕೆ.